ಒಂದು ವ್ಯಾನು, ಒಂದು ಹಲಗೆ, ಒಂದನೇ ನಂಬರಿನ ರಸ್ತೆ

ಕ್ಯಾಲಿಫೋರ್ನಿಯಾ ಅಂದರೆ ಟೀ ಶರ್ಟುಗಳ ಮೇಲೆ, ಕ್ಯಾಲೆಂಡರುಗಳ ಮೇಲೆ ಒಂದು ಚಿತ್ರ ಇದ್ದೇ ಇರುತ್ತದೆ. ಹಳೇ ಫೋಕ್ಸ್‌ವ್ಯಾಗನ್ ವ್ಯಾನು, ಅದರ ನೆತ್ತಿಗೆ ಕಟ್ಟಿದ ಸರ್ಫಿಂಗ್ ಹಲಗೆ, ಪಕ್ಕದಲ್ಲಿ ಕಡಲು, ಹಿಂದೆ ಮುಳುಗುತ್ತಿರುವ ಸೂರ್ಯ. ಒಳಗಿರುವವನು ಒಬ್ಬನೇ. ಅಲೆ ಚೆನ್ನಾಗಿದ್ದಲ್ಲಿ ನಿಲ್ಲಿಸು, ಆಡು, ಮಲಗು, ಬೆಳಿಗ್ಗೆ ಎದ್ದು ಮುಂದಕ್ಕೆ ಹೋಗು. ಯಾರ ಅಪ್ಪಣೆಯೂ ಬೇಡ!

ಚಿತ್ರವೇನೋ ಚೆನ್ನಾಗಿದೆ. ಆದರೆ ಅದರಲ್ಲಿ ವ್ಯಾನಿನ ಚಕ್ರದ ಕೆಳಗೆ ಒಂದು ರಸ್ತೆ ಇದೆಯಲ್ಲ, ಅದು ಅಲ್ಲಿಗೆ ಹೇಗೆ ಬಂತು ಅಂತ ಯಾರೂ ಕೇಳುವುದಿಲ್ಲ. ನನಗೂ ಆ ಪ್ರಶ್ನೆ ಹತ್ತಿದ್ದು 2022ರ ಸೆಪ್ಟೆಂಬರಿನಲ್ಲಿ, ಒಂಬತ್ತು ದಿನ ರಜೆ ಹಾಕಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಸ್ಯಾನ್ ಡಿಯಾಗೋವರೆಗೆ ಒಬ್ಬನೇ ವ್ಯಾನಿನಲ್ಲಿ ಹೊರಟಾಗ. (ಫೋಕ್ಸ್‌ವ್ಯಾಗನ್ ಅಲ್ಲ ಬಿಡಿ. ಅದರ ಬಾಡಿಗೆ ಕೇಳಿಯೇ ಫೋನ್ ಇಟ್ಟೆ.) ಸುಮಾರು ಸಾವಿರ ಕಿಲೋಮೀಟರಿನ ದಾರಿ, ಹೆಚ್ಚಿನದೆಲ್ಲ ಕಡಲಿಗೆ ಅಂಟಿಕೊಂಡೇ ಸಾಗುವ ಹೈವೇ ಒಂದು. ನನ್ನ ಸರ್ಫಿಂಗ್ ಬಗ್ಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಹತ್ತು ಅಲೆ ಹಿಡಿಯಲು ಹೋದರೆ ಎರಡರಲ್ಲಿ ಎದ್ದು ನಿಲ್ಲುತ್ತೇನೆ, ಅಷ್ಟೇ. ಹಾಗಾಗಿ ಇಲ್ಲಿ ಬರೆಯುತ್ತಿರುವುದು ನನ್ನ ಸಾಹಸ ಅಲ್ಲ, ಆ ದಾರಿಯ ಕತೆ.

ಮೊದಲು ಒಂದು ಮಾತು. ನಾನು ಕುಂದಾಪುರದ ಕಡೆಯವನು. ಮರವಂತೆಯಲ್ಲಿ ಒಂದು ಬದಿ ಸೌಪರ್ಣಿಕಾ, ಇನ್ನೊಂದು ಬದಿ ಕಡಲು, ನಡುವೆ ಹೈವೇ. ಬಸ್ಸಿನಿಂದ ಇಳಿದರೆ ಕಾಲಿಗೆ ಮರಳು. ಕಡಲಿಗೆ ಹೋಗಲು ದಾರಿ ಬೇಕು, ಆ ದಾರಿಗೆ ಒಬ್ಬ ಯಜಮಾನ ಇರಬಹುದು ಅನ್ನುವ ಯೋಚನೆಯೇ ನನಗೆ ಹೊಸದು. ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ ಉಬ್ಬರದ ನೀರು ಸರಾಸರಿ ಎಲ್ಲಿಯವರೆಗೆ ಬರುತ್ತದೋ ಆ ಗೆರೆಯಿಂದ ಕಡಲ ಕಡೆಗಿನ ನೆಲವೆಲ್ಲ ಸಾರ್ವಜನಿಕರದ್ದು. ಒದ್ದೆ ಮರಳು ನಿಮ್ಮದು ಅನ್ನಿ. ಆದರೆ ಆ ಒದ್ದೆ ಮರಳಿಗೆ ತಲುಪಬೇಕಾದರೆ ಒಣ ನೆಲ ದಾಟಬೇಕಲ್ಲ ಮಾರಾಯ್ರೆ, ಜಗಳ ಇರುವುದು ಅಲ್ಲಿ.

ಸ್ಯಾನ್ ಫ್ರಾನ್ಸಿಸ್ಕೋದಿಂದ ದಕ್ಷಿಣಕ್ಕೆ ಹೊರಟು ಹಾಫ್ ಮೂನ್ ಬೇ ದಾಟಿದ ಸ್ವಲ್ಪ ಹೊತ್ತಿಗೇ ಮಾರ್ಟಿನ್ಸ್ ಬೀಚ್ ಸಿಗುತ್ತದೆ. ಹಲವು ದಶಕಗಳ ಕಾಲ ಅಲ್ಲಿನ ಜಮೀನಿನ ಮನೆಯವರು ಪಾರ್ಕಿಂಗಿಗೆ ಒಂದಿಷ್ಟು ದುಡ್ಡು ತೆಗೆದುಕೊಂಡು ಜನರನ್ನು ಬಿಡುತ್ತಿದ್ದರು. 2008ರಲ್ಲಿ ಆ ಜಮೀನನ್ನು ಕೊಂಡವರು ವಿನೋದ್ ಖೋಸ್ಲಾ. ಹೌದು, ನಮ್ಮವರೇ, ದೆಹಲಿ ಐಐಟಿಯಲ್ಲಿ ಓದಿ, ಸನ್ ಮೈಕ್ರೋಸಿಸ್ಟಮ್ಸ್ ಕಟ್ಟಿದವರಲ್ಲಿ ಒಬ್ಬರು. 2010ರ ಹೊತ್ತಿಗೆ ಗೇಟು ಮುಚ್ಚಿತು. 2012ರಲ್ಲಿ ಗೇಟು ದಾಟಿ ಹೋದ ಐವರು ಸರ್ಫರ್‌ಗಳನ್ನು ಪೊಲೀಸರು ಹಿಡಿದರು. ಸರ್ಫರ್‌ಗಳ ಸಂಘಟನೆಯಾದ ಸರ್ಫ್‌ರೈಡರ್ ಫೌಂಡೇಶನ್ ಕೋರ್ಟಿಗೆ ಹೋಯಿತು. ತನ್ನ ಸ್ವಂತ ಜಾಗದಲ್ಲಿ ನಷ್ಟದ ಪಾರ್ಕಿಂಗ್ ವ್ಯಾಪಾರ ನಡೆಸು ಅಂತ ಸರಕಾರ ಬಲವಂತ ಮಾಡುವಂತಿಲ್ಲ ಅನ್ನುವುದು ಮಾಲೀಕರ ವಾದ. ಮೇಲ್ಮನವಿಯಲ್ಲೂ ಅವರಿಗೆ ಸೋಲಾಯಿತು. 2018ರ ಅಕ್ಟೋಬರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೇಸು ಎತ್ತಿಕೊಳ್ಳಲು ಒಪ್ಪಲಿಲ್ಲ. ಅಲ್ಲಿಗೂ ಮುಗಿಯದೆ 2020ರಲ್ಲಿ ರಾಜ್ಯವೇ ಬೇರೆ ದಾವೆ ಹೂಡಿತು. ಇಲ್ಲಿನ ಭಾರತೀಯರ ಊಟದ ಮೇಜುಗಳಲ್ಲಿ ಈ ಸುದ್ದಿ ಬಂದಾಗ ಅರ್ಧ ಜನ "ದುಡ್ಡು ಕೊಟ್ಟು ಕೊಂಡಿದ್ದಾನೆ, ಅವನಿಷ್ಟ" ಅನ್ನುತ್ತಾರೆ. ನಾನು ಇನ್ನರ್ಧದಲ್ಲಿದ್ದೇನೆ. ಯಾಕೆ ಅಂತ ಮಾಲಿಬು ತಲುಪಿದ ಮೇಲೆ ಹೇಳುತ್ತೇನೆ.

ಮುಂದಿನ ಊರು ಸ್ಯಾಂಟಾ ಕ್ರೂಜ್. ಅಮೆರಿಕದ ನೆಲಕ್ಕೆ ಸರ್ಫಿಂಗ್ ಬಂದದ್ದು ಇಲ್ಲಿ, 1885ರಲ್ಲಿ. ತಂದವರು ಮೂವರು ಹವಾಯಿಯ ರಾಜಕುಮಾರರು, ರಾಣಿ ಕಪಿಯೊಲಾನಿಯ ತಂಗಿಯ ಮಕ್ಕಳು. ಸ್ಯಾನ್ ಮಟೆಯೋದ ಸೈನಿಕ ಶಾಲೆಯಲ್ಲಿ ಓದುತ್ತಿದ್ದ ಈ ಹುಡುಗರು ಸ್ಥಳೀಯ ರೆಡ್‌ವುಡ್ ಮರದಿಂದ ಹಲಗೆ ಮಾಡಿಸಿಕೊಂಡು ಸ್ಯಾನ್ ಲೊರೆಂಜೊ ನದಿಯ ಅಳಿವೆಯಲ್ಲಿ ಅಲೆ ಏರಿದರು. ಎಂಟೇ ವರ್ಷಕ್ಕೆ, 1893ರಲ್ಲಿ, ಅಮೆರಿಕನ್ ವ್ಯಾಪಾರಿಗಳ ಕೂಟ ಅವರ ರಾಜ್ಯವನ್ನೇ ಉರುಳಿಸಿತು. ಆ ಮೂವರಲ್ಲಿ ಒಬ್ಬ, ಕುಹಿಯೊ, 1895ರ ಬಂಡಾಯಕ್ಕೆ ಸೇರಿ ಜೈಲು ಕಂಡ, ಆಮೇಲೆ ಅದೇ ಅಮೆರಿಕದ ಕಾಂಗ್ರೆಸ್ಸಿಗೆ ಹವಾಯಿಯ ಪ್ರತಿನಿಧಿಯಾಗಿ ಹೋದ. ಲೈಟ್‌ಹೌಸಿನೊಳಗೆ ಒಂದು ಪುಟ್ಟ ಸರ್ಫಿಂಗ್ ಮ್ಯೂಸಿಯಂ ಇದೆ, ಹೋದರೆ ನೋಡಿ. ಹೊರಗೆ ಬಂದರೆ ಕಾಲ ಬುಡದಲ್ಲೇ ಅಲೆ, ಅಲೆಯ ಮೇಲೆ ಹುಡುಗರು.

ನೀರಿನ ಚಳಿಯ ಬಗ್ಗೆ ಹೇಳಲೇಬೇಕು. ನಮ್ಮ ಅರಬ್ಬೀ ಸಮುದ್ರದಲ್ಲಿ ಬೆಳೆದವರು ಇಲ್ಲಿ ಕಾಲಿಟ್ಟರೆ ಮೂಳೆ ಮಾತಾಡುತ್ತದೆ! ಬೇಸಗೆಯಲ್ಲೂ ಹದಿಮೂರು ಹದಿನಾಲ್ಕು ಡಿಗ್ರಿ. ಬರ್ಕ್ಲಿಯ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ (ಅಣುಬಾಂಬಿನ ಯೋಜನೆಯಲ್ಲಿ ದುಡಿದವರು) 1950ರ ದಶಕದ ಮೊದಲಲ್ಲಿ ನೌಕಾಪಡೆಯ ಮುಳುಗುಗಾರರಿಗಾಗಿ ನಿಯೋಪ್ರೀನ್ ರಬ್ಬರಿನ ಅಂಗಿಯನ್ನು ರೂಪಿಸಿದರು. ಜ್ಯಾಕ್ ಓನೀಲ್ 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ತೆರೆದು, 1959ರಲ್ಲಿ ಸ್ಯಾಂಟಾ ಕ್ರೂಜಿಗೆ ಬಂದು, ಆ ರಬ್ಬರನ್ನು ಸರ್ಫರ್‌ಗಳ ಮೈಗೆ ಏರಿಸಿದ. ಅದಕ್ಕೆ ಮುಂಚೆ ಉಣ್ಣೆಯ ಸ್ವೆಟರ್ ಹಾಕಿಕೊಂಡು ನೀರಿಗಿಳಿಯುತ್ತಿದ್ದರಂತೆ.

ಇನ್ನು ವ್ಯಾನು. ಫೋಕ್ಸ್‌ವ್ಯಾಗನ್ನಿನ ಡಬ್ಬಿ ಗಾಡಿ ಜರ್ಮನಿಯಲ್ಲಿ ತಯಾರಾಗತೊಡಗಿದ್ದು 1950ರಲ್ಲಿ, ಅದರಲ್ಲಿ ಹಾಸಿಗೆ-ಒಲೆ ಸೇರಿಸಿದ ವೆಸ್ಟ್‌ಫಾಲಿಯಾ ಮಾದರಿ ಬಂದದ್ದು 1951ರಲ್ಲಿ. ಇಲ್ಲೊಂದು ತಮಾಷೆಯ ಸಂಗತಿ ಇದೆ. ಅಮೆರಿಕದ ಕೋಳಿಗೆ ಯುರೋಪಿನವರು ಸುಂಕ ಏರಿಸಿದ್ದಕ್ಕೆ ಸೇಡಾಗಿ ಅಧ್ಯಕ್ಷ ಜಾನ್ಸನ್ ಸಣ್ಣ ಲಾರಿಗಳ ಮೇಲೆ ಶೇಕಡ 25 ಸುಂಕ ಹೇರಿದರು, 1964ರಿಂದ ಜಾರಿ. ಫೋಕ್ಸ್‌ವ್ಯಾಗನ್ನಿನ ಪಿಕಪ್ಪು, ಸರಕಿನ ವ್ಯಾನು ಎರಡಕ್ಕೂ ಪೆಟ್ಟು ಬಿತ್ತು. ಕಿಟಕಿ, ಸೀಟು ಇರುವ ಪ್ರಯಾಣಿಕರ ವ್ಯಾನಿಗೆ ಬೀಳಲಿಲ್ಲ. ಕೋಳಿ ಜಗಳದಲ್ಲಿ ಬಚಾವಾದದ್ದು ನಮ್ಮ ಟೀ ಶರ್ಟಿನ ವ್ಯಾನು!

ಆದರೆ ಒಬ್ಬನೇ ಗಾಡಿಯಲ್ಲಿ ಮಲಗುತ್ತ ಅಲೆ ಹುಡುಕುವ ಚಾಳಿ ಈ ವ್ಯಾನಿಗಿಂತ ಹಳೆಯದು. ಅದರ ಮೂಲಪುರುಷ ಅಂತ ಯಾರನ್ನಾದರೂ ಕರೆಯುವುದಾದರೆ ಬಾಬ್ ಸಿಮನ್ಸ್‌ನನ್ನು ಕರೆಯಬೇಕು. 1919ರಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗ ಕಾಲಿಗೆ ಗಡ್ಡೆಯಾಗಿ ಕಾಲೇ ಕತ್ತರಿಸುವ ಹಂತ ತಲುಪಿತ್ತು. ಆಮೇಲೆ ಸೈಕಲ್ ಅಪಘಾತದಲ್ಲಿ ಎಡ ಮೊಣಕೈ ಹೋಗಿ ತೋಳು ಮಡಚಿದಂತೆಯೇ ನಿಂತುಬಿಟ್ಟಿತು. ಆಸ್ಪತ್ರೆಯಲ್ಲಿ ಇನ್ನೊಬ್ಬ ರೋಗಿ ಸರ್ಫಿಂಗ್ ಬಗ್ಗೆ ಹೇಳಿದನಂತೆ. ಗಣಿತದಲ್ಲಿ ಗಟ್ಟಿಗ, ಕ್ಯಾಲ್‌ಟೆಕ್‌ನಲ್ಲಿ ಓದಿದವನು, ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು. ಆಗಿನ ಹಲಗೆಗಳು ನಲವತ್ತು ಕಿಲೋಗೂ ಮೀರಿ ತೂಗುತ್ತಿದ್ದವು, ಒಂದೇ ಕೈ ಆಡುವವನು ಹೊರುವುದು ಹೇಗೆ? ವೇಗದ ದೋಣಿಗಳ ತಳದ ಮೇಲೆ ಬಂದಿದ್ದ ಪುಸ್ತಕ ಓದಿ, ಬಾಲ್ಸಾ ಮರ, ಫೈಬರ್‌ಗ್ಲಾಸ್, ಕೊನೆಗೆ ಫೋಮು ಎಲ್ಲ ಸೇರಿಸಿ ಹಗುರ ಹಲಗೆ ಮಾಡಿದ. ಹಳೆಯ ಫೋರ್ಡ್ ಕಾರಿನ ಸೀಟು ಕಿತ್ತು ಮಲಗಲು ಜಾಗ ಮಾಡಿಕೊಂಡು, ಡಬ್ಬದ ಸೋಯಾ ಕಾಳು ತಿನ್ನುತ್ತ ಈ ಕರಾವಳಿ ಪೂರ್ತಿ ಮೇಲೆ ಕೆಳಗೆ ತಿರುಗುತ್ತಿದ್ದ. ಜನ ಅಂದರೆ ಅವನಿಗೆ ಅಷ್ಟಕ್ಕಷ್ಟೇ. ಚಿತ್ರದಲ್ಲಿರುವ ಆ ಹಾಯಾದ ಮನುಷ್ಯನಿಗೂ ಇವನಿಗೂ ಹೋಲಿಕೆಯೇ ಇಲ್ಲ.

ಈಗ ರಸ್ತೆಗೆ ಬರೋಣ. ಕಾರ್ಮೆಲ್‌ನಿಂದ ಸ್ಯಾನ್ ಸಿಮಿಯನ್‌ವರೆಗಿನ ಬಿಗ್ ಸರ್ ಭಾಗವನ್ನು ಎಲ್ಲರೂ ಹೊಗಳುತ್ತಾರೆ, ನಾನೂ ಹೊಗಳುತ್ತೇನೆ. ಒಂದು ಕಡೆ ಗೋಡೆಯಂಥ ಬೆಟ್ಟ, ಇನ್ನೊಂದು ಕಡೆ ನೂರಾರು ಅಡಿ ಕೆಳಗೆ ಕಡಲು, ನಡುವೆ ವ್ಯಾನಿನಷ್ಟೇ ಜಾಗ. ಮಾಂಟೆರೆಯ ವೈದ್ಯ ಜಾನ್ ರಾಬರ್ಟ್ಸ್ 1894ರಲ್ಲಿ ಇಲ್ಲಿ ಮುಳುಗಿದ ಹಡಗಿನ ಜನರಿಗೆ ಚಿಕಿತ್ಸೆ ಮಾಡಲು ಕಷ್ಟಪಟ್ಟು ಬಂದಿದ್ದರು. ಆಮೇಲೆ ಈ ಕರಾವಳಿಯುದ್ದಕ್ಕೂ ನಡೆದು ರಸ್ತೆಗೆ ನಕ್ಷೆ ಮಾಡಿದರು. 1919ರಲ್ಲಿ ಹಣಕ್ಕೆ ಮತದಾರರ ಒಪ್ಪಿಗೆ ಸಿಕ್ಕಿತು. ಕೆಲಸ ಮುಗಿದದ್ದು 1937ರಲ್ಲಿ, ಹದಿನೆಂಟು ವರ್ಷ! ಕೆಲಸಕ್ಕೆ ಆಳು ಸಿಗದೆ ಸ್ಯಾನ್ ಕ್ವೆಂಟಿನ್ ಜೈಲಿನ ಕೈದಿಗಳನ್ನು ತಂದು ಬಿಡಾರ ಹಾಕಿಸಿದರು. ದಿನಕ್ಕೆ 35 ಸೆಂಟ್ಸ್ ಕೂಲಿ, ಜೊತೆಗೆ ಶಿಕ್ಷೆಯಲ್ಲಿ ಕಡಿತ. ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಬಿಕ್ಸ್‌ಬಿ ಸೇತುವೆ ಮುಗಿದದ್ದು 1932ರಲ್ಲಿ. ನಾನೂ ಅಲ್ಲಿ ಗಾಡಿ ನಿಲ್ಲಿಸಿ ಫೋಟೋ ತೆಗೆದೆ. ಸ್ವಾತಂತ್ರ್ಯದ ಸಂಕೇತ ಅಂತ ಜಗತ್ತೇ ಮೆಚ್ಚುವ ರಸ್ತೆಯ ಈ ಭಾಗವನ್ನು ಕಡಿದವರಲ್ಲಿ ಕೈದಿಗಳೂ ಇದ್ದರು ಅನ್ನುವುದು ಆ ಫೋಟೋದಲ್ಲಿ ಬರುವುದಿಲ್ಲ.

ಕಡಿದ ಬೆಟ್ಟ ಸುಮ್ಮನಿರುತ್ತದೆಯೇ? ಜಾರುತ್ತಲೇ ಇರುತ್ತದೆ. 2017ರ ಮೇ ತಿಂಗಳಲ್ಲಿ ಮಡ್ ಕ್ರೀಕ್ ಅನ್ನುವಲ್ಲಿ ಗುಡ್ಡವೇ ಕಡಲಿಗೆ ಇಳಿದು ರಸ್ತೆ ಮುಚ್ಚಿಹೋಗಿತ್ತು, ಮತ್ತೆ ತೆರೆದದ್ದು 2018ರ ಜುಲೈಯಲ್ಲಿ. ನಾನು ಹೋಗಿ ಬಂದ ನಾಲ್ಕೇ ತಿಂಗಳಿಗೆ, 2023ರ ಜನವರಿಯ ಮಳೆಗೆ ಮತ್ತೆ ಕುಸಿದು, ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಬಿದ್ದು, ವರ್ಷಗಟ್ಟಲೆ ಪೂರ್ತಿ ದಾರಿ ಸಿಗಲಿಲ್ಲ. ಆಗುಂಬೆ, ಶಿರಾಡಿ ಘಾಟಿಯ ಮಳೆಗಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರಾತ್ರಿ ಮಲಗುವುದು ಇನ್ನೊಂದು ಕತೆ. ಬಿಗ್ ಸರ್‌ನಲ್ಲಿ ರಸ್ತೆ ಬದಿಗೆ ರಾತ್ರಿ ನಿಲ್ಲಿಸುವಂತಿಲ್ಲ, ಕ್ಯಾಂಪಿಂಗ್ ಜಾಗಗಳು ತಿಂಗಳುಗಳ ಮುಂಚೆಯೇ ಭರ್ತಿ. ಇನ್ನೂ ದಕ್ಷಿಣಕ್ಕೆ, ಹೆಸರು ಬೇಡ, ಒಂದು ಊರಿನಲ್ಲಿ ರಾತ್ರಿ ಎರಡು ಗಂಟೆಗೆ ಕಿಟಕಿಗೆ ಟಾರ್ಚು ಬಡಿದು ಎಬ್ಬಿಸಿದರು. ಪೊಲೀಸಪ್ಪ ಮರ್ಯಾದೆಯಾಗಿಯೇ ಮಾತಾಡಿದ. ಆದರೂ ಪರದೇಶದ ಕಪ್ಪು ಮುಖದವನಿಗೆ ಆ ಹೊತ್ತಿನಲ್ಲಿ ಜೇಬಿಗೆ ಕೈ ಹಾಕಲೋ ಬೇಡವೋ ಅನ್ನಿಸುತ್ತದೆ ನೋಡಿ, ಅದು ಚಿತ್ರದಲ್ಲಿರುವ ಮನುಷ್ಯನಿಗೆ ಅನ್ನಿಸಲಿಕ್ಕಿಲ್ಲ.

ಸ್ಯಾಂಟಾ ಬಾರ್ಬರಾ ತಲುಪುವ ಮುಂಚೆ ಹಾಲಿಸ್ಟರ್ ರಾಂಚ್ ಇದೆ. ಎಂಟೂವರೆ ಮೈಲು ಕರಾವಳಿ, ರಾಜ್ಯದ ಅತ್ಯುತ್ತಮ ಅಲೆಗಳಲ್ಲಿ ಕೆಲವು ಅಲ್ಲಿ, ರಸ್ತೆ ಮಾತ್ರ ಮಾಲೀಕರಿಗೆ ಮತ್ತು ಅವರ ಅತಿಥಿಗಳಿಗೆ. ಉಳಿದ ಸರ್ಫರ್‌ಗಳು ದೋಣಿಯಲ್ಲಿ ಹೋಗುತ್ತಾರೆ. ದಾರಿ ಬಿಡಬೇಕೆಂದು 2019ರಲ್ಲಿ ಶಾಸನಸಭೆ ಕಾನೂನನ್ನೇ ಮಾಡಬೇಕಾಯಿತು. ಸ್ಯಾಂಟಾ ಬಾರ್ಬರಾದ ಮುಂದೆ ಕಡಲಿನಲ್ಲಿ 1969ರ ಜನವರಿಯಲ್ಲಿ ಎಣ್ಣೆ ಬಾವಿ ಸಿಡಿದು ಬೀಚುಗಳೆಲ್ಲ ಕಪ್ಪಾದವು. ಆ ಸಿಟ್ಟು, ಜೊತೆಗೆ ಉತ್ತರದಲ್ಲಿ ಸೀ ರಾಂಚ್ ಅನ್ನುವ ಬಡಾವಣೆ ಹತ್ತು ಮೈಲು ಕರಾವಳಿಗೆ ದಾರಿ ಕಟ್ಟಿದ ಸಿಟ್ಟು, ಎರಡೂ ಸೇರಿ 1972ರಲ್ಲಿ ಜನ ಮತ ಹಾಕಿ ಕರಾವಳಿ ಆಯೋಗ ತಂದರು. ಪ್ರಚಾರಕ್ಕಾಗಿ ರಾಜ್ಯದ ಸೆನೆಟರ್ ಜೇಮ್ಸ್ ಮಿಲ್ಸ್ ಸ್ಯಾನ್ ಫ್ರಾನ್ಸಿಸ್ಕೋದಿಂದ ಸ್ಯಾನ್ ಡಿಯಾಗೋವರೆಗೆ ಸೈಕಲ್ ಯಾತ್ರೆ ನಡೆಸಿದ್ದರು. ನಾನು ವ್ಯಾನಿನಲ್ಲಿ ಏದುಸಿರು ಬಿಟ್ಟ ದಾರಿ! 1976ರ ಕರಾವಳಿ ಕಾಯ್ದೆ ಇದನ್ನು ಕಾಯಂ ಮಾಡಿತು. ಖೋಸ್ಲಾ ಅವರ ಗೇಟಿಗೆ ಅಡ್ಡ ಬಂದದ್ದು ಇದೇ ಕಾಯ್ದೆ.

ಅಂತೂ ಮಾಲಿಬು. ನನ್ನ ಮಟ್ಟಿಗೆ ಈ ಪ್ರವಾಸದ ನಡುಗಂಬ ಇದು.

1892ರಲ್ಲಿ ಫ್ರೆಡರಿಕ್ ರಿಂಡ್ಜ್ ಅನ್ನುವ ಶ್ರೀಮಂತ ಇಲ್ಲಿ ಹದಿಮೂರು ಸಾವಿರ ಎಕರೆಗೂ ಹೆಚ್ಚಿನ ರಾಂಚ್ ಕೊಂಡ. 1905ರಲ್ಲಿ ತೀರಿಕೊಂಡ. ಜಮೀನು ವಿಧವೆ ಮೇ ರಿಂಡ್ಜ್ ಕೈಗೆ ಬಂತು. ಈ ಹೆಂಗಸಿನ ಹಟ ಸಾಮಾನ್ಯದ್ದಲ್ಲ. ಸದರ್ನ್ ಪೆಸಿಫಿಕ್ ಕಂಪನಿಯ ರೈಲು ತನ್ನ ನೆಲದಲ್ಲಿ ಹಾಯಬಾರದು ಅಂತ ತಾನೇ ಒಂದು ಪುಟ್ಟ ರೈಲು ಹಳಿ ಹಾಕಿಸಿದಳು! ಬೆಟ್ಟದ ಹಿಂದಿನ ಬಡ ರೈತರು ಇಳಿತದ ಹೊತ್ತಿನಲ್ಲಿ ಮರಳಿನ ಮೇಲೆ ಗಾಡಿ ಹೊಡೆದುಕೊಂಡು ಪೇಟೆಗೆ ಹೋಗುತ್ತಿದ್ದರು. ಅವರಿಗೆ ಗೇಟು ಬಿತ್ತು, ಬಂದೂಕು ಹಿಡಿದ ಕಾವಲಿನವರು ಕುದುರೆ ಮೇಲೆ ಬಂದರು. ಕೌಂಟಿಯವರು ರಸ್ತೆಗೆ ನೆಲ ಬೇಕು ಅಂದಾಗ ಕೇಸು ವರ್ಷಗಟ್ಟಲೆ ನಡೆದು 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಅವಳ ವಾದ ಸುಲಭದ್ದಲ್ಲ: ಈ ರಸ್ತೆ ನನ್ನ ರಾಂಚಿನ ಆಚೆ ಎಲ್ಲಿಗೂ ಹೋಗುವುದಿಲ್ಲ, ಕೌಂಟಿಯ ಗಡಿಯಲ್ಲಿ ನಿಂತುಬಿಡುತ್ತದೆ, ಹಾಗಾದರೆ ಇದರಿಂದ ಸಾರ್ವಜನಿಕರಿಗೆ ಏನು ಉಪಯೋಗ? ಕೋರ್ಟ್ ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ಸಾರ್ವಜನಿಕ ಉಪಯೋಗ ಅಂದರೆ ವ್ಯಾಪಾರ ವಹಿವಾಟಷ್ಟೇ ಅಲ್ಲ, ಜನ ಕಡಲು ಬೆಟ್ಟ ನೋಡಿ ಸಂತೋಷಪಡುವುದೂ ಸಾರ್ವಜನಿಕ ಉಪಯೋಗವೇ ಅನ್ನುವುದು ಅದರ ಸಾರ. 1929ರಲ್ಲಿ ರಸ್ತೆ ತೆರೆಯಿತು. ಅವಳ ಕಂಪನಿ 1938ರ ಹೊತ್ತಿಗೆ ದಿವಾಳಿ, 1941ರಲ್ಲಿ ಅವಳೂ ಹೋದಳು. ಮಗಳ ಮನೆ ಈಗ ಮ್ಯೂಸಿಯಂ, ರತ್ನಗಂಬಳಿಯಂತೆ ಕಾಣುವ ಹೆಂಚಿನ ನೆಲ ಇದೆ ಅಲ್ಲಿ. ಅದರ ಪಕ್ಕದಲ್ಲೇ ಸರ್ಫ್‌ರೈಡರ್ ಬೀಚ್, ಯಾರು ಬೇಕಾದರೂ ಹೋಗಬಹುದು.

ರಸ್ತೆ ಬರುವ ಮುಂಚೆ, 1920ರ ದಶಕದ ನಡುವಿನಲ್ಲಿ, ಟಾಮ್ ಬ್ಲೇಕ್ ಮತ್ತು ಸ್ಯಾಮ್ ರೀಡ್ ಅನ್ನುವ ಇಬ್ಬರು ಸರ್ಫರ್‌ಗಳು ಗೇಟಿನ ಹತ್ತಿರ ಕಾರು ನಿಲ್ಲಿಸಿ, ಹಲಗೆ ನೀರಿಗೆ ಹಾಕಿ, ಕಡಲ ಮೇಲಿಂದ ಕೈಯಲ್ಲಿ ಹುಟ್ಟು ಹಾಕುತ್ತ ಮಾಲಿಬುವಿಗೆ ಹೋದರಂತೆ. ಅಲ್ಲಿ ಮೊದಲು ಅಲೆ ಏರಿದವರು ಅವರೇ ಅಂತ ಸರ್ಫಿಂಗ್ ಚರಿತ್ರೆ ಬರೆದವರು ಹೇಳುತ್ತಾರೆ. ಚೆಂದದ ಕತೆ.

ಅಷ್ಟೇ ಚೆಂದ ಅಲ್ಲದ ಇನ್ನೊಂದು ಕತೆ ಇದೆ. ರಸ್ತೆ ತೆರೆದು ಇಪ್ಪತ್ತು ವರ್ಷ ಆದ ಮೇಲೆ, ಸ್ಯಾಂಟಾ ಮೋನಿಕಾದಿಂದ ಮಾಲಿಬುವಿಗೆ ಹನ್ನೆರಡು ಮೈಲು, ಅಂದರೆ ಹತ್ತೊಂಬತ್ತು ಕಿಲೋಮೀಟರು, ಹಲಗೆಯ ಮೇಲೆ ಕೈಬೀಸಿಕೊಂಡೇ ಹೋಗುತ್ತಿದ್ದ ಒಬ್ಬ ಹುಡುಗನಿದ್ದ, ನಿಕ್ ಗ್ಯಾಬಲ್ಡನ್. ತಾಯಿ ಕರಿಯರು, ತಂದೆ ಮೆಕ್ಸಿಕನ್ ಮೂಲದವರು. ಸ್ಯಾಂಟಾ ಮೋನಿಕಾದಲ್ಲಿ ಕರಿಯರು ಸೇರುತ್ತಿದ್ದ ತುಂಡು ಬೀಚಿಗೆ ಬಿಳಿಯರು ಇಟ್ಟ ಹೆಸರು ಇಂಕ್‌ವೆಲ್, ಮಸಿಕುಡಿಕೆ. ಅಲ್ಲಿ ಈಜು ಕಲಿತವನು. ಹೈವೇಯಲ್ಲಿ ಕೈ ತೋರಿಸಿ ನಿಂತರೆ ಅವನಿಗೆ ಕಾರು ನಿಲ್ಲಿಸುವವರಿರಲಿಲ್ಲ, ಅದಕ್ಕೇ ಕಡಲ ದಾರಿ ಹಿಡಿದ ಅನ್ನುತ್ತಾರೆ. 1951ರ ಜೂನ್‌ನಲ್ಲಿ ದೊಡ್ಡ ಅಲೆಯ ದಿನ ಮಾಲಿಬುವಿನ ಕಟ್ಟೆಯ ಕಂಬಕ್ಕೆ ಬಡಿದು ಸತ್ತ. ಇಪ್ಪತ್ತನಾಲ್ಕು ವರ್ಷ. ಬ್ಲೇಕ್, ರೀಡ್ ನೀರಿಗಿಳಿದದ್ದು ಗೇಟು ಮುಚ್ಚಿತ್ತು ಅಂತ. ಇವನ ಕಾಲಕ್ಕೆ ಗೇಟು ಇರಲಿಲ್ಲ, ಸುಪ್ರೀಂ ಕೋರ್ಟ್ ತೆಗೆಸಿತ್ತು!

ಅಲ್ಲಿಂದ ದಕ್ಷಿಣಕ್ಕೆ ಇಪ್ಪತ್ತೈದು ಮೈಲಿನಷ್ಟು ಹೋದರೆ ಮ್ಯಾನ್‌ಹ್ಯಾಟನ್ ಬೀಚ್. 1912ರಲ್ಲಿ ವಿಲ್ಲಾ ಬ್ರೂಸ್ ಎಂಬ ಕರಿಯ ಹೆಂಗಸು ಇಲ್ಲಿ ಕಡಲಿಗೆ ಮುಖ ಮಾಡಿದ ಜಾಗ ಕೊಂಡು, ಗಂಡ ಚಾರ್ಲ್ಸ್ ಜೊತೆ ಕರಿಯರಿಗಾಗಿ ಒಂದು ವಿಹಾರದ ತಾಣ ನಡೆಸಿದಳು. ಬಂದವರಿಗೆ ಕಿರುಕುಳ ಕೊಟ್ಟರು, ಜಗ್ಗಲಿಲ್ಲ. 1924ರಲ್ಲಿ ಊರಿನ ಆಡಳಿತ "ಪಾರ್ಕು ಮಾಡಬೇಕು, ಸಾರ್ವಜನಿಕ ಉಪಯೋಗ" ಅಂತ ಜಾಗ ವಶಕ್ಕೆ ತೆಗೆದುಕೊಂಡಿತು. ಗಮನಿಸಿ, ಹಿಂದಿನ ವರ್ಷ ಮಾಲಿಬುವಿನ ಗೇಟು ಮುರಿದದ್ದೂ ಇದೇ ಅಧಿಕಾರ. ಆ ಪಾರ್ಕಿಗೆ ಎಷ್ಟು ಅವಸರ ಇತ್ತೆಂದರೆ, ದಶಕಗಳ ಕಾಲ ಜಾಗ ಖಾಲಿ ಬಿದ್ದಿತ್ತು. ನಾನು ಹೋಗುವ ಎರಡು ತಿಂಗಳ ಮುಂಚೆ, 2022ರ ಜುಲೈನಲ್ಲಿ, ಆ ನೆಲವನ್ನು ಬ್ರೂಸ್ ದಂಪತಿಯ ವಂಶದವರಿಗೆ ಮರಳಿಸಿದ್ದರು. 2023ರಲ್ಲಿ ಅವರು ಅದನ್ನು ಕೌಂಟಿಗೇ ಸುಮಾರು ಎರಡು ಕೋಟಿ ಡಾಲರಿಗೆ ಮಾರಿದರು. ಕೆಲವರು "ಛೇ, ಮಾರಿಬಿಟ್ಟರಲ್ಲ" ಅಂದರು. ಯಾಕೆ ಮಾರಬಾರದು? ಬಿಳಿಯ ಮಾಲೀಕನಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಹಾಗಾಗಿ "ಸ್ವಂತ ಜಾಗ, ಅವನಿಷ್ಟ" ಅನ್ನುವವರ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ, ಬ್ರೂಸ್ ಕುಟುಂಬಕ್ಕೆ ಆ ಮಾತು ಸಲ್ಲಬೇಕಿತ್ತು. ಅವರು ಜನ ಕಡಲಿಗೆ ಬರಲೆಂದೇ ಜಾಗ ಕೊಂಡಿದ್ದರು. ಮೇ ರಿಂಡ್ಜ್ ಆಗಲಿ, ಮಾರ್ಟಿನ್ಸ್ ಬೀಚಿನ ಮಾಲೀಕರಾಗಲಿ ಆ ಸಾಲಿಗೆ ಸೇರುವುದಿಲ್ಲ.

ಶ್ರೀಮಂತರದ್ದಷ್ಟೇ ತಪ್ಪು ಅಂದುಕೊಳ್ಳಬೇಡಿ. ಇನ್ನೂ ಸ್ವಲ್ಪ ಕೆಳಗೆ ಪಾಲೋಸ್ ವರ್ಡಿಸ್‌ನ ಲುನಾಡಾ ಬೇಯಲ್ಲಿ ಸ್ಥಳೀಯ ಸರ್ಫರ್‌ಗಳದ್ದೇ ಗುಂಪು ಹೊರಗಿನವರಿಗೆ ಕಲ್ಲು ಹೊಡೆದು, ಕಾರಿನ ಚಕ್ರ ಚುಚ್ಚಿ ಓಡಿಸುತ್ತಿತ್ತು. ದಂಡೆಯಲ್ಲಿ ಕಲ್ಲಿನ ಕೋಟೆಯನ್ನೇ ಕಟ್ಟಿಕೊಂಡಿದ್ದರು. 2016ರಲ್ಲಿ ಕೇಸು ಬಿದ್ದ ಮೇಲೆ ಕೋಟೆ ಒಡೆಸಿದರು. ಬೀಚ್ ಬಾಯ್ಸ್ ಹಾಡುಗಳಲ್ಲಿ ಇದೆಲ್ಲ ಇಲ್ಲ ಬಿಡಿ. ಆ ತಂಡದಲ್ಲಿ ನಿಜವಾಗಿ ಸರ್ಫಿಂಗ್ ಮಾಡುತ್ತಿದ್ದವನು ಡೆನಿಸ್ ವಿಲ್ಸನ್ ಒಬ್ಬನೇ.

ಒಂಬತ್ತನೇ ದಿನ ಸ್ಯಾನ್ ಡಿಯಾಗೋದ ಲಾ ಹೋಯಾ, ವಿಂಡನ್‌ಸೀ ಬೀಚ್. ಬಾಬ್ ಸಿಮನ್ಸ್ 1954ರ ಸೆಪ್ಟೆಂಬರ್ 26ರಂದು ಇಲ್ಲೇ ನೀರಿಗಿಳಿದು ತಿರುಗಿ ಬರಲಿಲ್ಲ. ದೊಡ್ಡ ಅಲೆಯಿತ್ತು, ಹಲಗೆ ತಲೆಗೆ ಬಡಿದಿರಬೇಕು ಅನ್ನುತ್ತಾರೆ. ದೇಹ ಸಿಕ್ಕಿದ್ದು ಕೆಲವು ದಿನಗಳ ಮೇಲೆ. ಆಗ ಅವನಿಗೆ ಮೂವತ್ತೈದು. ಬಂಡೆಯ ಮೇಲೆ ನಾಲ್ಕು ಕಂಬ, ಮೇಲೆ ತಾಳೆಗರಿ ಹೊದಿಸಿದ ಒಂದು ಚಪ್ಪರ ಇದೆ, 1946ರಲ್ಲಿ ಯುದ್ಧದಿಂದ ಮರಳಿದ ಸರ್ಫರ್‌ಗಳು ಕಟ್ಟಿದ್ದು. ಸಿಮನ್ಸ್ ಕೂಡ ಅದರ ನೆರಳಿನಲ್ಲಿ ಕೂತಿರಬೇಕು. 1998ರಲ್ಲಿ ಊರಿನವರು ಅದನ್ನು ಚಾರಿತ್ರಿಕ ಸ್ಥಳ ಅಂತ ಘೋಷಿಸಿದರು. 2015ರ ಡಿಸೆಂಬರಿನಲ್ಲಿ ಅಲೆ ಬಂದು ಕೆಡವಿತ್ತು, ಮತ್ತೆ ಕಟ್ಟಿದರು. ನೋಡಿದರೆ ನಮ್ಮೂರಿನ ಮದುವೆ ಚಪ್ಪರದ ಒಂದು ಮೂಲೆ ಬಿಟ್ಟುಹೋದ ಹಾಗೆ ಇದೆ. ಹತ್ತು ನಿಮಿಷ ನೋಡಿ, ಹಲಗೆ ಇಳಿಸಿಕೊಂಡು ನೀರಿಗೆ ಹೋದೆ. ವ್ಯಾನಿಗೆ ಜಾಗ ಸಿಕ್ಕಿದ್ದು ನಾಲ್ಕು ಬೀದಿ ಆಚೆ.